ಕ್ಲಚ್ಚಿನ ಕಾಲೂ ಬೀಗರ ಪಂಕ್ತಿಯೂ

ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಉಣ್ಣದವನ ಹೊಟ್ಟೆಯಲ್ಲಿ ಅನ್ನ ದಾರಿ ತಪ್ಪುತ್ತದೆ ಎಂಬುದು ಸಿದ್ದಗಂಗಯ್ಯನವರ ಸಿದ್ಧಾಂತ. ಮೂವತ್ತೊಂದು ವರ್ಷ ತುಮಕೂರು, ಕುಣಿಗಲ್, ಯಡಿಯೂರು ದಾರಿಯಲ್ಲಿ ಸರ್ಕಾರಿ ಬಸ್ಸು ಓಡಿಸಿದ ಮನುಷ್ಯ. ಅಷ್ಟು ವರ್ಷದಲ್ಲಿ ಒಂದು ಕೋಳಿಯನ್ನೂ ಗಾಲಿಗೆ ಕೊಟ್ಟವರಲ್ಲ. ನಿವೃತ್ತಿಯಾಗಿ ಶೆಟ್ಟಿಹಳ್ಳಿಯಲ್ಲಿ ಮನೆ ಕಟ್ಟಿಕೊಂಡ ಮೇಲೆ ಓಡಿಸಲು ಬಸ್ಸಿಲ್ಲದೆ ಮಾತು ಓಡಿಸತೊಡಗಿದರು. ಬಸ್ಸಿಗಾದರೂ ಬ್ರೇಕಿತ್ತು.

ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಕಿರಿಮಗಳು ಶಶಿರೇಖಾಳ ಮದುವೆ. ಅಡುಗೆ ಕಂಟ್ರಾಕ್ಟರು ಟೇಬಲ್ಲು ಕುರ್ಚಿಯ ಮಾತೆತ್ತಿದ್ದೇ ತಡ, ಸಿದ್ದಗಂಗಯ್ಯನವರು ಕೈ ಅಡ್ಡ ಹಿಡಿದರು.

“ಟೇಬಲ್ ಮೇಲೆ ಎಲೆ ಹಾಕೋದು ಗೋದಲೀಲಿ ಮೇವು ಹಾಕ್ದಂಗೆ ಕಣಯ್ಯಾ. ನಮ್ಮ ಬೀಗರು ಮನುಷ್ಯರು. ಜಮಖಾನ ಹಾಸು.”

ಹಾಸಿದರು. ಇನ್ನೂರು ಜನ ನೆಲದ ಮೇಲೆ ಕೂತು ಉಂಡರು. ಗಂಡಿನ ತಂದೆ ಹೊನ್ನಯ್ಯನವರು, ಗುಬ್ಬಿ ಪಕ್ಕದ ರೈತರು, ಸಂತೆಯಲ್ಲಿ ಎತ್ತಿನ ಹಲ್ಲು ನೋಡಿ ಅದರ ವಯಸ್ಸು, ಗುಣ, ಹಿಂದಿನ ಯಜಮಾನನ ಜಿಪುಣತನ ಎಲ್ಲ ಹೇಳಬಲ್ಲವರು, ಉಂಡು ಏಳುವಾಗ ಇಬ್ಬರು ಅಣ್ಣನ ಮಕ್ಕಳ ಹೆಗಲು ಹಿಡಿದರು. ಸಿದ್ದಗಂಗಯ್ಯನವರ ನಾಲಿಗೆ ಸುಮ್ಮನಿರಬೇಕಲ್ಲ.

“ಏನ್ ಬೀಗರೇ, ಸ್ಟಾರ್ಟಿಂಗ್ ಟ್ರಬಲ್ಲಾ? ತಳ್ಳೋಕೆ ಇನ್ನಿಬ್ಬರು ಬೇಕೇನು?”

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಹೊನ್ನಯ್ಯನವರೂ ನಕ್ಕರು. ಆದರೆ ಆ ನಗು ಹಲ್ಲಿನಿಂದ ಒಳಕ್ಕೆ ಇಳಿಯಲಿಲ್ಲ.

ಇಲ್ಲಿ ಒಂದು ಗುಟ್ಟು ಹೇಳಬೇಕು. ಆವತ್ತು ಸಿದ್ದಗಂಗಯ್ಯನವರು ಹೆಣ್ಣಿನ ತಂದೆ. ಪಂಕ್ತಿಯ ನಡುವೆ ತುಪ್ಪದ ಗಿಂಡಿ ಹಿಡಿದು ಓಡಾಡಿದರೇ ಹೊರತು ಕೂರಲಿಲ್ಲ. ಕೂತಿದ್ದರೆ ಎಬ್ಬಿಸಲು ಇಬ್ಬರಲ್ಲ, ನಾಲ್ವರು ಬೇಕಾಗುತ್ತಿತ್ತು. ಮೂವತ್ತೊಂದು ವರ್ಷ ಕ್ಲಚ್ಚು ಒತ್ತಿ ಒತ್ತಿ ಅವರ ಎಡ ಮಂಡಿ ಸವೆದು, ನಡೆದರೆ ಕಟಕಟ ಅನ್ನುತ್ತಿತ್ತು.

ಮದುವೆ ಮುಗಿದ ಮುಂದಿನ ತಿಂಗಳು ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. “ನೋಡಿ, ಮೂಳೆಗೆ ಮೂಳೆ ಉಜ್ಜುತ್ತಿದೆ.”

“ಗೊತ್ತಾಯ್ತು ಬಿಡಿ ಡಾಕ್ಟ್ರೇ. ಕ್ಲಚ್ ಪ್ಲೇಟು ಸವೆದಿದೆ. ಬಿಚ್ಚಿ ಹೊಸದು ಹಾಕಿ.”

ಡಾಕ್ಟರು ಎಕ್ಸ್‌ರೇ ಕೆಳಗಿಟ್ಟು ಪಕ್ಕದಲ್ಲಿ ಕೂತಿದ್ದ ವನಜಮ್ಮನವರ ಕಡೆ ನೋಡಿದರು. “ನಿಜವಾಗಿ ಮೊದಲು ಮಾಡಬೇಕಾದ್ದು ಇವರಿಗೆ.”

ಅದು ಸುಳ್ಳಲ್ಲ. ಗಂಡನಿಗೆ ಒಂದು ಮಂಡಿ ಹೋಗಿದ್ದರೆ ಹೆಂಡತಿಗೆ ಎರಡೂ ಹೋಗಿದ್ದವು. ಶೆಟ್ಟಿಹಳ್ಳಿಯ ಮನೆಯಲ್ಲಿ ಅಡುಗೆಮನೆಯಿಂದ ದೇವರ ಮೂಲೆವರೆಗೆ ಸುಣ್ಣದ ಗೋಡೆಯ ಮೇಲೆ, ವನಜಮ್ಮನವರ ಅಂಗೈ ಎತ್ತರಕ್ಕೆ, ಒಂದು ಕಪ್ಪು ಪಟ್ಟೆ ಬಿದ್ದಿತ್ತು, ಬಸ್ಸಿನ ಮೈಗೆ ಬಳಿದ ಬಣ್ಣದ ಪಟ್ಟೆಯ ಹಾಗೆ. ಆ ಗೋಡೆ ಇಲ್ಲದಿದ್ದರೆ ಆ ಮನೆಯಲ್ಲಿ ಒಲೆ ಹತ್ತುತ್ತಿರಲಿಲ್ಲ.

ಆದರೆ ವನಜಮ್ಮನವರಿಗೆ ಆಸ್ಪತ್ರೆಯೆಂದರೆ ಎದೆ ಹೊಡೆತ. “ಹಾಕಿದ್ದು ಒಳಗೇ ಕಳಚ್ಕಂಡ್ರೆ?” ಎಂಬುದೊಂದೇ ಅವರ ಪ್ರಶ್ನೆ. ಡಾಕ್ಟರು ಕಳಚುವುದಿಲ್ಲ ಅಂದರು, ಸಿಮೆಂಟು ಹಾಕುತ್ತೇವೆ ಅಂದರು. “ಸಿಮೆಂಟು ಹಾಕಿದ ನಮ್ಮ ಸಂಪೇ ಸೋರ್ತದೆ,” ಅಂದರು ವನಜಮ್ಮ.

ಕೊನೆಗೆ ಅವರೇ ತೀರ್ಪು ಕೊಟ್ಟರು. “ಮೊದ್ಲು ಇವರಿಗೆ ಮಾಡಿ. ಆರು ತಿಂಗಳು ನೋಡ್ತೀನಿ. ನೀವು ಹೇಳಿದ್ದು ಒಂದೂ ಮೀರ್ದೆ ಇವರು ಸರಿಯಾಗಿ ನಡೆದಾಡ್ಕಂಡು ಇದ್ರೆ ನಾನೂ ಮಾಡಿಸ್ಕೋತೀನಿ. ಇವರು ಏನಾದ್ರೂ ಎಡವಟ್ಟು ಮಾಡ್ಕಂಡ್ರೋ, ನಾನು ಸಾಯೋಗಂಟ ಗೋಡೆ ಹಿಡ್ಕಂಡೇ ಇರ್ತೀನಿ. ಆಸ್ಪತ್ರೆ ಹೊಸಲು ತುಳಿಯಲ್ಲ.”

ಸಿದ್ದಗಂಗಯ್ಯನವರು ಎದೆ ತಟ್ಟಿಕೊಂಡರು. “ಆರು ತಿಂಗಳ್ಯಾಕೆ, ಆರು ವರ್ಷ ನೋಡು. ಮೂವತ್ತೊಂದು ವರ್ಷ ರೂಲ್ಸು ಮೀರದೋನು, ಒಂದು ಮಂಡಿಗೋಸ್ಕರ ಮೀರ್ತೀನಾ?”

ಮೇಲೆ ಮಾತಿಗೆ ಹಾಗಂದರೂ ಒಳಗೆ ಅವರಿಗೆ ಗೊತ್ತಿತ್ತು, ಈ ಮಂಡಿ ತಮ್ಮೊಬ್ಬರದಲ್ಲ. ಇದರ ಹಿಂದೆ ಇನ್ನೆರಡು ಮಂಡಿಗಳು ಲೈನಿನಲ್ಲಿ ನಿಂತಿವೆ.

ಆಪರೇಷನ್ನಿನಲ್ಲಿ ಸೊಂಟದಿಂದ ಕೆಳಕ್ಕೆ ಮಾತ್ರ ಮರಗಟ್ಟಿಸಿದ್ದರು. ಬಾಯಿ ಮೇಲಿತ್ತು, ಅದು ಮರಗಟ್ಟಲಿಲ್ಲ. ಅಡ್ಡ ಕಟ್ಟಿದ ಹಸಿರು ಬಟ್ಟೆಯ ಆಚೆಯಿಂದ ಗರಗಸದ ಸದ್ದು, ಸುತ್ತಿಗೆಯ ಠಣ್ ಠಣ್ ಕೇಳಿದ್ದೇ ಸಿದ್ದಗಂಗಯ್ಯನವರಿಗೆ ಡಿಪೋ ನೆನಪಾಯಿತು. “ಸ್ವಾಮಿ, ಟಿಂಕರಿಂಗ್ ಆಮೇಲೆ ಮಾಡಿ, ಮೊದ್ಲು ನಟ್ಟು ಬಿಗಿ ನೋಡಿ. ಸ್ಪ್ಯಾನರು ಒಳಗೆ ಬಿಟ್ಟೀರ, ಎಣಿಸ್ಕಳಿ.” ಡಾಕ್ಟರು ಪಕ್ಕದವರಿಗೆ ಏನೋ ಸನ್ನೆ ಮಾಡಿದರು. ಆಮೇಲೆ ಅವರಿಗೆ ಎಚ್ಚರವಾದದ್ದು ವಾರ್ಡಿನಲ್ಲಿ.

ಮನೆಗೆ ಬಂದ ಮೇಲೆ ಕಸರತ್ತು ಮಾಡಿಸಲು ಪೂಜಾ ಎಂಬ ಹುಡುಗಿ ಬರತೊಡಗಿದಳು. ಫಿಸಿಯೋಥೆರಪಿ ಓದಿದವಳು. ನೋಡಲು ಗುಬ್ಬಚ್ಚಿಯಷ್ಟಿದ್ದರೂ ಮಂಡಿ ಹಿಡಿದು ಬಗ್ಗಿಸಿದರೆ ಸಿದ್ದಗಂಗಯ್ಯನವರ ಕಣ್ಣಿಗೆ ಹಗಲಲ್ಲೇ ದೇವರಾಯನದುರ್ಗದ ಬೆಟ್ಟದ ದೀಪಗಳು ಕಾಣುತ್ತಿದ್ದವು. ನೆಲದ ಮೇಲೆ ಕೂರುವಂತಿಲ್ಲ, ಕುಕ್ಕರುಗಾಲಿನಲ್ಲಿ ಕೂರುವಂತಿಲ್ಲ, ತಗ್ಗಿನ ಆಸನ ಮುಟ್ಟುವಂತಿಲ್ಲ. ಅಲ್ಲಿಗೆ ಮುಗಿಯದೆ ಅವಳು ಒಂದು ದಿನ ತಾನೇ ನೆಲದ ಮೇಲೆ ಕೂತು ತೋರಿಸಲು ಶುರುಮಾಡಿದಳು.

“ಅಂಕಲ್, ಅಕಸ್ಮಾತ್ ಕೆಳಗೆ ಬಿದ್ರಿ ಅಥವಾ ಕೂತ್ಬಿಟ್ರಿ ಅಂದ್ಕೊಳ್ಳಿ. ಏಳೋದು ಹೀಗೆ. ಮುಂದೆ ಒಂದು ಕುರ್ಚಿ ಇಟ್ಕೋಬೇಕು. ಒಳ್ಳೇ ಕಾಲಿನ ಕಡೆ ತಿರುಗಬೇಕು. ಅಂಗೈ ಊರಬೇಕು…”

“ನಂಗ್ಯಾಕಮ್ಮ ಅದು? ಕೂರೋದೇ ಇಲ್ಲ ಅಂದ್ಮೇಲೆ ಏಳೋದು ಯಾಕೆ ಕಲೀಲಿ?” ಎಂದು ಸಿದ್ದಗಂಗಯ್ಯನವರು ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದರು. ಗೋಡೆ ಹಿಡಿದು ನಿಂತಿದ್ದ ವನಜಮ್ಮನವರು ಮಾತ್ರ ಕಣ್ಣು ಮಿಟುಕಿಸದೆ ಪೂರ್ತಿ ನೋಡಿದರು.

ನಾಲ್ಕು ತಿಂಗಳು ಸಿದ್ದಗಂಗಯ್ಯನವರು ನಡೆದುಕೊಂಡದ್ದನ್ನು ಕಂಡರೆ ಯಾರಾದರೂ ಮೆಚ್ಚಬೇಕು. ಹೊಸ ಇಂಜಿನ್ನಿಗೆ ಮೊದಲ ಸಾವಿರ ಮೈಲಿ ಹೇಗೆ ಜೋಪಾನ ಮಾಡುತ್ತಾರೋ ಹಾಗೆ ಮಂಡಿಯನ್ನು ಕಾಪಾಡಿದರು. ವಾಕರ್ ಬಿಟ್ಟು ಊರುಗೋಲಿಗೆ ಬಂದರು. ಬೀದಿ ಕೊನೆಯ ಹಾಲಿನ ಬೂತಿಗೆ ಹೋಗಿ ಬಂದು, “ಆಯಿಲ್ ಲೀಕಿಲ್ಲ, ಸೌಂಡಿಲ್ಲ, ಪಿಕಪ್ ಜಾಸ್ತಿ ಆಗಿದೆ,” ಎಂದು ಹೆಂಡತಿಗೆ ವರದಿ ಒಪ್ಪಿಸುತ್ತಿದ್ದರು. ವನಜಮ್ಮನವರು ಅವರ ಮುಖ ನೋಡದೆ ಮಂಡಿ ನೋಡಿ, “ಹೂಂ” ಅನ್ನುತ್ತಿದ್ದರು. ಕ್ಯಾಲೆಂಡರಿನಲ್ಲಿ ತಿಂಗಳ ಕೊನೆಗೊಂದು ಅರಿಶಿನದ ಬೊಟ್ಟು ಬೀಳುತ್ತಿತ್ತು. ನಾಲ್ಕು ಬೊಟ್ಟು ಬಿದ್ದಿದ್ದವು. ಎರಡು ಬಾಕಿ.

ಒಂದು ವಿಷಯ ಮಾತ್ರ ಅವರು ಬಚ್ಚಿಟ್ಟರು. ಆಪರೇಷನ್ನಿನ ಸುದ್ದಿ ಬೀಗರ ಕಿವಿಗೆ ಬೀಳಕೂಡದು. ಅಷ್ಟು ಜನರೆದುರು ಸ್ಟಾರ್ಟಿಂಗ್ ಟ್ರಬಲ್ ಅಂದವನು ಒಂದೇ ತಿಂಗಳಿಗೆ ಇಂಜಿನ್ನೇ ಬಿಚ್ಚಿಸಿದ ಅಂದರೆ ಏನು ಮರ್ಯಾದೆ ಉಳಿಯಿತು? ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. “ನಿಮ್ಮ ಮಾವನೋರಿಗೆ ಗೊತ್ತಾದ್ರೆ ನಾನು ಆ ಊರಿಗೆ ಕಾಲಿಡಲ್ಲ,” ಎಂದು ಮಗಳಿಂದ ಆಣೆ ಮಾಡಿಸಿಕೊಂಡಿದ್ದರು.

ಬೀಗರ ಊಟ ಅಲ್ಲಿಯವರೆಗೆ ಮುಂದಕ್ಕೆ ಹೋಗುತ್ತಲೇ ಇತ್ತು. ಮದುವೆಯಾದ ವಾರಕ್ಕೆ ಹೊನ್ನಯ್ಯನವರ ದಾಯಾದಿಗಳಲ್ಲಿ ಒಬ್ಬ ಅಜ್ಜಿ ತೀರಿಕೊಂಡು ಸೂತಕವಾಯಿತು. ಆಮೇಲೆ ಆಷಾಢ. ಶ್ರಾವಣದಲ್ಲಿ ಮಾಂಸ ಮುಟ್ಟುವಂತಿಲ್ಲ. ಪಿತೃಪಕ್ಷದಲ್ಲಿ ಶುಭಕಾರ್ಯವಿಲ್ಲ. ಕೊನೆಗೆ ದಸರಾ ಕಳೆದ ಭಾನುವಾರ ಗೊತ್ತಾಯಿತು. ಹೊನ್ನಯ್ಯನವರೇ ಫೋನು ಮಾಡಿದರು.

“ಬೀಗರೇ, ಮನೆಮಂದಿ ಎಲ್ಲ ಬರ್ಬೇಕು. ಶಾಮಿಯಾನದೋನು ಟೇಬಲ್ಲು ಕುರ್ಚಿ ತರ್ತೀನಿ ಅಂದ. ನಮ್ಮ ಬೀಗರು ಅಂಥೋರಲ್ಲ ಕಣಪ್ಪಾ, ಜಮಖಾನ ತಾ ಅಂದ್ಬುಟ್ಟೆ. ನಿಮ್ಮ ಪಕ್ಕ ನಾನೇ ಕೂರ್ತೀನಿ.”

ಸಿದ್ದಗಂಗಯ್ಯನವರು ಫೋನು ಇಟ್ಟರು. ಅವರ ಮಾತೇ ಗುಬ್ಬಿವರೆಗೆ ಹೋಗಿ, ತಿರುಗಿ, ಅವರ ಮನೆ ಬಾಗಿಲಿಗೇ ಬಂದು ನಿಂತಿತ್ತು.

“ಯಾರದು?” ಅಡುಗೆಮನೆಯಿಂದ ವನಜಮ್ಮ.

“ಹೊನ್ನಯ್ಯನೋರು. ಊಟಕ್ಕೆ ಕರೆದ್ರು.”

“ಕುರ್ಚಿ ಹಾಕ್ಸಿ ಅಂದ್ರಾ?”

“ಅಲ್ಲಿಗೆ ಹೋಗಿ ಹೇಳ್ತೀನಿ.”

“ಈಗ್ಲೇ ಹೇಳಿದ್ರೆ ಬಾಯಿ ಸವೀತಿತ್ತಾ?”

“ಫೋನಲ್ಲಿ ಹೇಳೋ ಮಾತಲ್ಲ ಬಿಡು. ಮುಖ ನೋಡಿ ಹೇಳ್ಬೇಕು.”

“ಹೇಳಿ ಮತ್ತೆ,” ಅಂದರು ವನಜಮ್ಮ. “ಇನ್ನು ಎರಡೇ ಬೊಟ್ಟು ಇರೋದು.”

ಭಾನುವಾರ ಬಾಡಿಗೆ ಟ್ರ್ಯಾಕ್ಸಿನಲ್ಲಿ ಹೊರಟರು. ಜೊತೆಗೆ ಬೆಟ್ಟಯ್ಯನೂ ಇದ್ದ, ಇಪ್ಪತ್ತು ವರ್ಷ ಸಿದ್ದಗಂಗಯ್ಯನವರ ಬಸ್ಸಿಗೆ ಕಂಡಕ್ಟರಾಗಿದ್ದವನು. ತನ್ನ ಡ್ರೈವರು ಮದುವೆಗೆ ಹೋದರೂ ಮಸಣಕ್ಕೆ ಹೋದರೂ ಅವನು ಹಿಂದಿನ ಸೀಟಿನಲ್ಲಿರುತ್ತಾನೆ. ಹೊನ್ನಯ್ಯನವರ ಮನೆ ಹತ್ತಿರವಾಗುತ್ತಿದ್ದಂತೆ ಸಿದ್ದಗಂಗಯ್ಯನವರು ಊರುಗೋಲನ್ನು ಸದ್ದಿಲ್ಲದೆ ಸೀಟಿನ ಕೆಳಕ್ಕೆ ತಳ್ಳಿದರು. ಬೆಟ್ಟಯ್ಯ ನೋಡಿ ನೋಡದವನಂತಿದ್ದ. ವನಜಮ್ಮನವರನ್ನು ಶಶಿರೇಖಾ ಕೈ ಹಿಡಿದು ಒಳಮನೆಗೆ ಕರೆದುಕೊಂಡು ಹೋಗಿ, ಹೆಂಗಸರ ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದಳು.

ಹೊರಗೆ ಶಾಮಿಯಾನದಲ್ಲಿ ಜಮಖಾನದ ಎರಡು ಸಾಲು. ಒಂದೊಂದರಲ್ಲಿ ಇಪ್ಪತ್ತು ಬಾಳೆಲೆ. ಮೊದಲ ಎಲೆಯ ಹಿಂದೆ ನಾಲ್ಕು ಮಡಿಕೆ ಮಾಡಿ ಹಾಕಿದ ಕರಿ ಕಂಬಳಿ. ಹೊನ್ನಯ್ಯನವರು ಎರಡೂ ಕೈ ಮುಗಿದು ಅದರ ಕಡೆ ತೋರಿಸಿದರು.

“ಬನ್ನಿ ಬೀಗರೇ. ನೆಲದ ಗೌರವ ಬಲ್ಲೋರು ನಿಮ್ಮಂಥೋರು ಈಗ ಎಲ್ಲವ್ರೆ?”

ನಲವತ್ತು ಜೊತೆ ಕಣ್ಣು ನೋಡುತ್ತಿದ್ದವು. ಕುರ್ಚಿ ಎಂಬ ಮಾತು ಸಿದ್ದಗಂಗಯ್ಯನವರ ಗಂಟಲವರೆಗೆ ಬಂತು, ನಾಲಿಗೆಯ ತುದಿಗೂ ಬಂತು. ಬಾಯಿ ತೆರೆದರು. ಹೊರಗೆ ಬಿದ್ದದ್ದು, “ಮತ್ತೆ? ನೆಲದ ಸುಖ ಇನ್ಯಾವುದ್ರಲ್ಲಿ ಬರ್ತದೆ,” ಎಂಬುದು.

ಶಾಮಿಯಾನದ ಕಂಬ ಕೈಗೆ ಸಿಕ್ಕುವಂತಿತ್ತು. ಅದನ್ನು ಹಿಡಿದು, ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದ ಬಸ್ಸಿನಂತೆ, ನಿಧಾನ ಜಾರಿ ಕಂಬಳಿಯ ಮೇಲೆ ಬಂದು ಕೂತರು. ಬಲಗಾಲು ಮಡಚಿತು. ಎಡಗಾಲು ಅರ್ಧಕ್ಕೇ ಸಾಕು ಅಂದಿತು. ಅದನ್ನು ಕ್ಲಚ್ಚು ಒತ್ತುವ ಭಂಗಿಯಲ್ಲಿ ಎಲೆಯ ಪಕ್ಕಕ್ಕೆ ಚಾಚಿ, ಮೇಲೆ ಟವಲು ಮುಚ್ಚಿದರು. ಎಡಕ್ಕೆ ಹೊನ್ನಯ್ಯನವರು ಕೂತರು. ಕೂರುವಾಗ ಅವರ ಬಾಯಿಂದ “ಸಿದ್ದಲಿಂಗಪ್ಪಾ” ಎಂಬ ಮಾತು ಉದ್ದಕ್ಕೆ ಹೊರಟಿತು. ಭಕ್ತಿ ಜಾಸ್ತಿ ಅಂದುಕೊಂಡರು ಸಿದ್ದಗಂಗಯ್ಯನವರು.

ಬಲಕ್ಕೆ ಇನ್ನೊಂದು ಎಲೆ ಹಾಕಿಸಿಕೊಂಡು ಕೂತ ಬೆಟ್ಟಯ್ಯ ಕಿವಿಯ ಹತ್ತಿರ ಬಂದ. “ಅಣ್ಣಾ, ಇಳಿದಿದ್ದಾಯ್ತು. ಹತ್ತೋದು ಹೆಂಗೆ?”

“ಮೊದ್ಲು ಉಣ್ಣು.”

“ಉಂಡ ಮೇಲೂ ಇದೇ ಪ್ರಶ್ನೆ ಇರ್ತದೆ.”

ಮುದ್ದೆ ಬಂತು. ಮಟನ್ ಸಾರು ಬಂತು. ಬೋಟಿ ಗೊಜ್ಜು ಬಂತು. ಬಡಿಸುತ್ತಿದ್ದವನು ಅಳಿಯ ಕಾಂತೇಶ್, ಗುಬ್ಬಿಯ ಹೈಸ್ಕೂಲಿನಲ್ಲಿ ಮೇಷ್ಟ್ರು. ಹುಡುಗರಿಗೆ ಲೆಕ್ಕ ಬರೆಸುವಷ್ಟೇ ಶ್ರದ್ಧೆಯಿಂದ ಸಾರು ಬಿಡುತ್ತಿದ್ದ. ಮಧ್ಯಾಹ್ನ ಒಂದೂವರೆಗೆ ಶುರುವಾದ ಪಂಕ್ತಿ ಎರಡು ಗಂಟೆಗೆಲ್ಲ ಮಜ್ಜಿಗೆಗೆ ಬಂತು. ನಲವತ್ತು ಜನ ಬೆರಳು ನೆಕ್ಕಿ, ಕೈ ಎಲೆಯ ಮೇಲಿಟ್ಟು, ಮೊದಲ ಎಲೆಯ ಕಡೆ ತಿರುಗಿದರು.

ಆ ಕಡೆಯ ಪದ್ಧತಿ ಹಾಗೆ. ಬೀಗರ ಪಂಕ್ತಿಯಲ್ಲಿ ಹಿರಿಯ ಬೀಗರು ಎಲೆ ಮಡಚಿ ಏಳುವವರೆಗೆ ಇನ್ನೊಬ್ಬರು ಅಲ್ಲಾಡಬಾರದು. ಎದ್ದರೆ ಬಂಧುತ್ವ ಮುರಿದಂತೆ. ಮೂವತ್ತು ವರ್ಷದ ಹಿಂದೆ ಊರ್ಡಿಗೆರೆ ಕಡೆಯ ಒಬ್ಬ ಅವಸರದ ಭಾವ ಬಸ್ಸು ಹೋಗುತ್ತದೆಂದು ಮೊದಲು ಎದ್ದದ್ದಕ್ಕೆ ಇವತ್ತಿಗೂ ಆ ಎರಡು ಮನೆಗಳು ಮಾತಾಡುವುದಿಲ್ಲ. ಆ ಕತೆಯನ್ನು ಮದುವೆಯ ದಿನ ಗಂಡಿನ ಕಡೆಯವರಿಗೆಲ್ಲ ಹೇಳಿದವರೂ ಸಿದ್ದಗಂಗಯ್ಯನವರೇ.

ಅವರು ಕಂಬದ ಕಡೆ ಕೈ ಚಾಚಿದರು. ಇಳಿಯುವಾಗ ಸಿಕ್ಕ ಕಂಬ ಈಗ ಎರಡು ಗೇಣು ಹಿಂದಕ್ಕೆ ಹೋಗಿತ್ತು. ಎಡಗಾಲಿಗೆ ಏಳು ಅಂದರು. ಅದು ಸ್ಟೀಲು, ಯಾರ ಮಾತು ಕೇಳುತ್ತದೆ? ನಲವತ್ತು ಜನ ಕಾಯುತ್ತಿದ್ದರು. ಏನಾದರೂ ಮಾಡಲೇಬೇಕಿತ್ತು.

“ಅಳಿಯಂದ್ರೇ,” ಅಂದರು ಗಂಭೀರವಾಗಿ. “ಇನ್ನೊಂದು ಅರ್ಧ ಮುದ್ದೆ.”

ಮಜ್ಜಿಗೆಯ ಮೇಲೆ ಮುದ್ದೆ! ಕಾಂತೇಶ್ ಒಂದು ಕ್ಷಣ ಪಾಠ ಮರೆತ ಮೇಷ್ಟ್ರಂತೆ ನಿಂತ. ಅಷ್ಟರಲ್ಲಿ ಪಕ್ಕದಿಂದ ಹೊನ್ನಯ್ಯನವರ ದನಿ. “ನಂಗೂ ಒಂದು ಹಾಕು ಮಗಾ.”

ಸಿದ್ದಗಂಗಯ್ಯನವರು ಓರೆಗಣ್ಣಿನಲ್ಲಿ ನೋಡಿದರು. ಹೊನ್ನಯ್ಯನವರ ಮುಖದಲ್ಲಿ ಏನೋ ಒಂದು ನೆಮ್ಮದಿ. ಪಂತ ಕಟ್ಟುತ್ತಿದ್ದಾರೆ ಎಂದುಕೊಂಡರು ಸಿದ್ದಗಂಗಯ್ಯನವರು. ಮದುವೆಯ ದಿನದ ಮಾತಿಗೆ ಇವತ್ತು ಮುದ್ದೆಯಲ್ಲಿ ಉತ್ತರ ಕೊಡುತ್ತಿದ್ದಾರೆ. ಆಗಲಿ.

ಮತ್ತೆ ಸಾರು ಬಂತು. ಮತ್ತೆ ಮುದ್ದೆ ಬಂತು. ಇವರು ಅರ್ಧ ಅಂದರೆ ಅವರು ಒಂದು ಅನ್ನುತ್ತಾರೆ, ಅವರು ಅನ್ನ ಅಂದರೆ ಇವರು ರಸ ಅನ್ನುತ್ತಾರೆ. ಒಬ್ಬರು ಮುಗಿಸುತ್ತಿದ್ದಂತೆ ಇನ್ನೊಬ್ಬರು ಶುರು. ನುಂಗಿದ್ದು ಎದೆಯ ತನಕ ಬಂದು ನಿಂತು ಮುಂದೆ ಜಾಗವಿಲ್ಲ ಅನ್ನುತ್ತಿತ್ತು, ಯಡಿಯೂರಿನ ಕೊನೆ ಬಸ್ಸಿನ ಫುಟ್‌ಬೋರ್ಡಿನಂತೆ. ಸಾಲಿನಲ್ಲಿದ್ದವರ ಕೈಯ ಸಾರು ಒಣಗಿ ಗೋಡೆಯ ಗಿಲಾವಿನಂತೆ ಬಿರುಕು ಬಿಟ್ಟಿತು. ಶಾಮಿಯಾನದ ಆಚೆ ಎರಡನೇ ಪಂಕ್ತಿಯವರು ಹಸಿದು ನಿಂತಿದ್ದರು.

“ಇವರು ಉಣ್ತಾವ್ರೋ ಇಲ್ಲ ಅಲ್ಲೇ ಮನೆ ಕಟ್ಕಂತಾವ್ರೋ?” ಅಂದರು ಅವರಲ್ಲಿದ್ದ ಮುದುಕರೊಬ್ಬರು, ಚಿಕ್ಕರಂಗಯ್ಯ.

“ಸುಮ್ನಿರು ಮಾವ, ಬೀಗರು ಬೀಗರಿಗೆ ಪಂತ ಬಿದ್ದೈತೆ.”

“ಪಂತ ಅವರಿಗೆ. ಉಪವಾಸ ನಮಗಾ?”

ಸಾರಿನ ಕೊಳದಪ್ಪಲೆಯ ತಳ ಕಂಡಿತು. ಮಜ್ಜಿಗೆ ಮುಗಿಯಿತು. ಸಿದ್ದಗಂಗಯ್ಯನವರು ನೀರು ಕೇಳಿದರು. ಹೊನ್ನಯ್ಯನವರು ಉಪ್ಪು ಕೇಳಿದರು, ಆ ಉಪ್ಪನ್ನು ಒಂದೊಂದೇ ಹರಳು ನೆಕ್ಕುತ್ತ ಹತ್ತು ನಿಮಿಷ ಕಳೆದರು. ಕೊನೆಗೆ ಕೇಳುವುದಕ್ಕೆ ಇಬ್ಬರಿಗೂ ಏನೂ ಉಳಿಯಲಿಲ್ಲ.

“ಏಳಿ ಬೀಗರೇ,” ಅಂದರು ಹೊನ್ನಯ್ಯನವರು ಮೆಲ್ಲಗೆ.

“ನೀವು ಮನೆ ಯಜಮಾನ್ರು. ನೀವು ಏಳಿ.”

“ಉಂಟಾ? ಬೀಗರು ಎದ್ದ ಮೇಲೆ ನಾವು.”

“ನಾನು ನಿಮಗಿಂತ ಒಂದು ವರ್ಷ ಚಿಕ್ಕೋನು.”

“ಮದ್ವೇಲಿ ದೊಡ್ಡೋನು ಅಂದ್ರಿ?”

ಬೆಟ್ಟಯ್ಯನಿಗೆ ಇನ್ನು ತಡೆಯಲಾಗಲಿಲ್ಲ. ಎಲೆಯಡಕೆ ತಟ್ಟೆ ಹಿಡಿದು ಬಂದ ಶಶಿರೇಖಾಳಿಗೆ ಕಣ್ಣಿನಲ್ಲೇ ಟವಲಿನ ಕೆಳಗಿನ ಕಾಲು ತೋರಿಸಿದ. ತಟ್ಟೆ ಅಲ್ಲೇ ಇಟ್ಟು ಒಳಕ್ಕೆ ಓಡಿದಳು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಒಂದು ಸದ್ದು ಬಂತು. ಕರ್ರ್, ನಿಂತಿತು. ಕರ್ರ್, ನಿಂತಿತು. ಪ್ಲಾಸ್ಟಿಕ್ ಕುರ್ಚಿಯನ್ನು ನೆಲದ ಮೇಲೆ ತಳ್ಳಿಕೊಂಡು, ಅದನ್ನೇ ಗೋಡೆ ಮಾಡಿಕೊಂಡು, ಒಂದೊಂದು ಹೆಜ್ಜೆಗೂ ತುಟಿ ಕಚ್ಚುತ್ತ ವನಜಮ್ಮನವರು ಬರುತ್ತಿದ್ದರು. ಹಿಂದೆ ಶಶಿರೇಖಾ ಇನ್ನೊಂದು ಕುರ್ಚಿ ಎತ್ತಿಕೊಂಡಿದ್ದಳು. ಸಿದ್ದಗಂಗಯ್ಯನವರಿಗೆ ಆ ಕರ್ರ್ ಅನ್ನುವುದರಲ್ಲಿ ನಾಲ್ಕು ಅರಿಶಿನದ ಬೊಟ್ಟು ಅಳಿಸುವ ಸದ್ದು ಕೇಳಿಸಿತು.

ವನಜಮ್ಮ ಗಂಡನ ಎಲೆಯ ಮುಂದೆ ನಿಂತರು.

“ಎಷ್ಟು ಹೊತ್ತಾಯ್ತು ಕೂತು?”

“ಒಂದೂ ಕಾಲು ಗಂಟೆ ಅಕ್ಕಾ,” ಅಂದ ಬೆಟ್ಟಯ್ಯ. “ಐದೂವರೆ ಮುದ್ದೆ.”

“ವನಜಾ, ಬೀಗರ ಮಾತು ತೆಗೆದ್ಹಾಕೋಕೆ ಆಗ್ಲಿಲ್ಲ ಕಣೇ…”

ವನಜಮ್ಮ ಪಕ್ಕದ ಎಲೆಯ ಕಡೆ ತಿರುಗಿದರು. ಮಂಡಿ ನೋವು ತಿಂದವರಿಗೆ ಇನ್ನೊಬ್ಬರ ಮಂಡಿ ನೋವು ಮುಖದ ಮೇಲೇ ಕಾಣುತ್ತದೆ. “ಅಣ್ಣಾ, ನಮ್ಮೋರದು ಎಡಗಾಲು. ಆಪರೇಷನ್ ಆಗಿ ಒಳಗೆ ಸ್ಟೀಲ್ ಹಾಕವ್ರೆ. ನೆಲದ ಮೇಲೆ ಕೂರಂಗೇ ಇಲ್ಲ. ನಿಮ್ಮದು ಯಾವ ಕಾಲು?”

ಹೊನ್ನಯ್ಯನವರು ಎಲೆಯ ಮೇಲಿನ ಉಪ್ಪು ನೋಡಿದರು. ಅಣ್ಣನ ಮಕ್ಕಳನ್ನು ನೋಡಿದರು. ಆಮೇಲೆ ಮೆತ್ತಗೆ, “ಎರಡೂ, ತಾಯಿ,” ಅಂದರು. “ನಿಮ್ಮೋರು ಎದ್ರೆ ಜನ ಎಲ್ಲ ಕೈ ತೊಳೆಯೋಕೆ ಹೋಗ್ತಾರಲ್ಲ, ಆ ಗದ್ದಲ್ದಾಗೆ ಯಾರನ್ನಾದ್ರೂ ಹಿಡ್ಕಂಡು ಎದ್ದೇಳಾನ ಅಂತ ಕಾಯ್ತಿದ್ದೆ. ಇವರು ಮುದ್ದೆ ಮ್ಯಾಲೆ ಮುದ್ದೆ ಕೇಳ್ತಾರೆ. ನನ್ನ ಪ್ರಾಣ ಹೋಗದೊಂದು ಬಾಕಿ.”

“ಅಯ್ಯೋ, ನೀವು ಎದ್ರೆ ಆ ಗದ್ದಲದಾಗೆ ನಾನು ಏಳೋಣ ಅಂತ ಮುದ್ದೆ ಕೇಳ್ತಿದ್ದೆ,” ಅಂದರು ಸಿದ್ದಗಂಗಯ್ಯನವರು.

ಚಿಕ್ಕರಂಗಯ್ಯ ಶುರುಮಾಡಿದ ನಗು ಎರಡು ಸಾಲಿನ ಮೇಲೆ ಹಾದು, ಅಡುಗೆಯ ಒಲೆ ಸುತ್ತಿ, ಒಳಮನೆಯ ಹೆಂಗಸರನ್ನು ಹಿಡಿದುಕೊಂಡು ಹಿಂದಕ್ಕೆ ಬಂತು.

ವನಜಮ್ಮ ನಗಲಿಲ್ಲ. ಇಬ್ಬರ ಮುಂದೆಯೂ ಒಂದೊಂದು ಕುರ್ಚಿ ಇಡಿಸಿದರು. “ಬಲಗಡೆ ತಿರುಗಿ. ಅಂಗೈ ಊರಿ. ಮಗು ಅಂಬೆಗಾಲು ಇಕ್ಕೋ ಹಂಗೆ ಬನ್ನಿ. ಈಗ ಕುರ್ಚಿ ಹಿಡೀರಿ. ಬಲ ಪಾದ ಮುಂದಕ್ಕೆ. ಒತ್ತಿ.” ಪೂಜಾ ಹೇಳಿಕೊಟ್ಟದ್ದು ಒಂದಕ್ಷರ ತಪ್ಪದೆ ಬಂತು. ಮೂವತ್ತೊಂದು ವರ್ಷದ ಅಪಘಾತವಿಲ್ಲದ ಡ್ರೈವರು ನಲವತ್ತು ಜನ ಬೀಗರ ಎದುರು ಜಮಖಾನದ ಮೇಲೆ ಅಂಬೆಗಾಲಿಟ್ಟರು. ಹಿಂದಿನಿಂದ ಬೆಟ್ಟಯ್ಯ, ಹಳೆಯ ಅಭ್ಯಾಸ ಬಿಡದೆ, “ರೈಟ್… ರೈಟ್… ಹೋಲ್ಡಾನ್… ರೈಟ್,” ಅನ್ನುತ್ತಿದ್ದ.

ಸಿದ್ದಗಂಗಯ್ಯನವರು ಎದ್ದು ನಿಂತರು. ಅವರ ಹಿಂದೆಯೇ ನಲವತ್ತು ಜನ ದಡದಡ ಎದ್ದ ರಭಸಕ್ಕೆ ಶಾಮಿಯಾನ ಅಲ್ಲಾಡಿತು. ಹೊನ್ನಯ್ಯನವರು ಮಾತ್ರ ಕುರ್ಚಿ ಹಿಡಿದು ಅರ್ಧದಲ್ಲೇ ಸಿಕ್ಕಿಕೊಂಡರು. ಸಿದ್ದಗಂಗಯ್ಯನವರು ಹತ್ತಿರ ಹೋಗಿ ತಮ್ಮ ಹೆಗಲು ಕೊಟ್ಟರು.

“ಸ್ಟಾರ್ಟಿಂಗ್ ಟ್ರಬಲ್ಲು ಬೀಗರೇ,” ಅಂದರು ಹೊನ್ನಯ್ಯನವರು ಏದುತ್ತ. “ತಳ್ಳೋಕೆ ಇನ್ನಿಬ್ಬರು ಬೇಕು.”

ವಾಪಸು ಬರುವಾಗ ಟ್ರ್ಯಾಕ್ಸಿನಲ್ಲಿ ಬೆಟ್ಟಯ್ಯ ನಿದ್ದೆಯ ನಟನೆ ಮಾಡಿದ. ವನಜಮ್ಮ ಕಿಟಕಿಯ ಆಚೆ ನೋಡುತ್ತಿದ್ದರು, ಎರಡೂ ಕೈಯಲ್ಲಿ ತಮ್ಮ ಮಂಡಿ ಅದುಮಿಕೊಂಡಿದ್ದರು. ಅಷ್ಟು ದೂರ ಕುರ್ಚಿ ತಳ್ಳಿಕೊಂಡು ಬಂದದ್ದಕ್ಕೆ ಅವು ಊದಿದ್ದವು. ಸಿದ್ದಗಂಗಯ್ಯನವರಿಗೆ ಐದೂವರೆ ಮುದ್ದೆಯ ಭಾರಕ್ಕಿಂತ ಆ ಕೈಗಳನ್ನು ನೋಡುವುದೇ ಭಾರವಾಗಿತ್ತು. ಒಂದು ಕುರ್ಚಿ ಕೇಳಲು ಬಾಯಿ ಬಾರದವನಿಂದ ಈ ಹೆಂಗಸು ಸಾಯುವತನಕ ಗೋಡೆ ಹಿಡಿದುಕೊಂಡಿರಬೇಕಾಯಿತಲ್ಲ.

ಮನೆ ಬಾಗಿಲಲ್ಲಿ ಇಳಿಯುವಾಗ ಅಂದರು, “ನಂದು ತಪ್ಪು ಕಣೇ. ನನ್ನ ತಪ್ಪಿಗೆ ನಿನ್ನ ಕಾಲು ಬಲಿ ಕೊಡಬ್ಯಾಡ.”

ವನಜಮ್ಮ ಗೋಡೆ ಹಿಡಿದುಕೊಂಡು ಒಳಕ್ಕೆ ಹೋದರು.

ಗುರುವಾರ ಡಾಕ್ಟರ ಹತ್ತಿರ ಎಳೆದುಕೊಂಡು ಹೋದವರೂ ಅವರೇ. ಡಾಕ್ಟರು ಪೂರ್ತಿ ಕತೆ ಕೇಳಿ ಹತ್ತು ನಿಮಿಷ ಬೈದರು. ಸಿದ್ದಗಂಗಯ್ಯನವರು ತಲೆ ತಗ್ಗಿಸಿ ಕೂತರು. ಎಕ್ಸ್‌ರೇ ತೆಗೆಸಿದರು, ಡಾಕ್ಟರು ಬೆಳಕಿಗೆ ಹಿಡಿದರು, ಹಿಂದೆ ಮುಂದೆ ತಿರುಗಿಸಿದರು.

“ನಿಮ್ಮ ಅದೃಷ್ಟ. ಏನೂ ಅಲ್ಲಾಡಿಲ್ಲ.”

“ಕಳಚಿಲ್ವಾ?” ಅಂದರು ವನಜಮ್ಮ.

“ಇಲ್ಲಮ್ಮ.”

“ಸಡಿಲ ಆಗಿಲ್ವಾ?”

“ಒಂದು ಕೂದಲೆಳೆಯಷ್ಟೂ ಇಲ್ಲ.”

ವನಜಮ್ಮ ಸೆರಗು ಸರಿಮಾಡಿಕೊಂಡರು. “ಹಂಗಾದ್ರೆ ನಂಗೊಂದು ತಾರೀಕು ಕೊಡಿ ಡಾಕ್ಟ್ರೇ.”

ಸಿದ್ದಗಂಗಯ್ಯನವರು ತಲೆ ಎತ್ತಿದರು. ನಾಲ್ಕು ದಿನದಿಂದ ಇಳಿದಿದ್ದ ಎದೆ ಒಂದೇ ಉಸಿರಿಗೆ ಉಬ್ಬಿತು. “ನೋಡಿದ್ರಾ ಡಾಕ್ಟ್ರೇ? ಎಲ್ಲ ನನ್ನ ಮಂಡಿ ನೋಡಿ ಬಂದ ಧೈರ್ಯ.”

“ನಿಮ್ಮ ಮಂಡಿ ನೋಡಿ ಅಲ್ಲ, ನಿಮ್ಮ ಬುದ್ಧಿ ನೋಡಿ,” ಅಂದರು ವನಜಮ್ಮ. “ಇಂಥ ಯಜಮಾನನ ಕೈಗೆ ಸಿಕ್ಕೂ ಉಳಿದಿದ್ದು, ನನ್ನ ಕೈಲಿ ನೂರು ವರ್ಷ ಬರ್ತದೆ.”

ಜನವರಿಯಲ್ಲಿ ಅವರ ಮೊದಲನೇ ಮಂಡಿಯ ಆಪರೇಷನ್ ಆಯಿತು. ಮೂರನೇ ದಿನ ನೋಡಲು ಹೊನ್ನಯ್ಯನವರು ಬಂದರು. ವನಜಮ್ಮ ನಡೆದದ್ದು ಕಣ್ಣಾರೆ ಕಂಡ ಮೇಲೆ ತಾವೂ ಮಾಡಿಸುವುದು ಎಂದು ಅವರೂ ಒಂದು ಕರಾರು ಹಾಕಿದ್ದರು. ಬೀಗರಿಬ್ಬರೂ ಆಸ್ಪತ್ರೆಯ ಹಜಾರದಲ್ಲಿ ಕೂತರು. ಅಲ್ಲಿ ಯಾರೋ ಪುಣ್ಯಾತ್ಮರು ದಾನ ಕೊಟ್ಟ ಒಂದು ಸೋಫಾ ಇತ್ತು, ಮೆತ್ತಗೆ, ಅಗಲವಾಗಿ, ನೆಲದಿಂದ ಒಂದೂವರೆ ಗೇಣು ಎತ್ತರಕ್ಕೆ. ಸಿದ್ದಗಂಗಯ್ಯನವರು ನೆಲದ ಮೇಲೆ ಕೂರಬಾರದೆಂಬ ರೂಲ್ಸನ್ನು ಈಗ ಚಾಚೂ ತಪ್ಪದೆ ಪಾಲಿಸುತ್ತಿದ್ದರು. ತಗ್ಗಿನ ಆಸನದ ರೂಲ್ಸು ಮರೆತಿದ್ದರು.

ಅಷ್ಟರಲ್ಲಿ ಹಜಾರದ ಕೊನೆಯಲ್ಲಿ ವಾಕರ್ ಸದ್ದಾಯಿತು. ಗೋಡೆ ಮುಟ್ಟದೆ, ನಡುಹಾದಿಯಲ್ಲಿ, ಪೂಜಾಳನ್ನು ಪಕ್ಕಕ್ಕಿಟ್ಟುಕೊಂಡು ವನಜಮ್ಮನವರು ನಡೆದು ಬರುತ್ತಿದ್ದರು. ಸಿದ್ದಗಂಗಯ್ಯನವರ ಕಣ್ಣು ತುಂಬಿತು. ಎದುರು ಹೋಗಿ ಕರೆತರಬೇಕೆಂದು ಕೈ ಊರಿದರು. ಸೋಫಾ ಬಿಡಲಿಲ್ಲ. ಪಕ್ಕಕ್ಕೆ ನೋಡಿದರು. ಹೊನ್ನಯ್ಯನವರೂ ಕೈ ಊರಿ ಅಲ್ಲೇ ಇದ್ದರು.

“ಏಳಿ ಬೀಗರೇ,” ಅಂದರು ಇವರು.

“ನೀವು ಎದ್ದ ಮೇಲೆ ನಾನು,” ಅಂದರು ಅವರು.

ವನಜಮ್ಮ ಬಂದು ಇಬ್ಬರ ಮುಂದೆ ನಿಂತರು. ಒಂದು ಸಲ ಇವರನ್ನು, ಒಂದು ಸಲ ಅವರನ್ನು ನೋಡಿ, ಪೂಜಾಳ ತೋಳು ಹಿಡಿದುಕೊಂಡು ತಮ್ಮ ವಾಕರನ್ನು ಮುಂದಕ್ಕೆ ತಳ್ಳಿದರು.

“ಹಿಡ್ಕಳಿ,” ಅಂದರು. “ಇಬ್ರೂ ಎಲೆ ಮಡಚಿ ಏಳಿ.”